ತಿರುಗಿ ಬಯ್ಯದ ಹುಡುಗಿ

ಲೂಗಾ
೯ ನವೆಂಬರ್ ೧೯೮೬

ಜೆಗಾನ್ ಸೋದರಮಾವನಿಗೆ ದಿಬೋರ್ ಮಾಡುವ ನಮಸ್ಕಾರ.

ಕ್ಷೇಮವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಪಕ್ಕದವರ ಕುರಿಯೊಂದು ದಾರಿಯುದ್ದಕ್ಕೂ ನನ್ನ ಶಾಲಿನ ಅಂಚು ಮೇಯುತ್ತಾ ಬಂತು, ಅದೊಂದು ಬಿಟ್ಟರೆ ಪ್ರಯಾಣ ಸುಖವಾಗಿತ್ತು. ನೀನು ಈ ಕಾಗದವನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಅವ್ವನಿಗೂ ಬಂದುಹೋದವರಿಗೂ ಗಟ್ಟಿಯಾಗಿ ಓದ್ತೀಯ ಅಂತ ಗೊತ್ತು. ಅದಕ್ಕೇ ಅಕ್ಷರ ದುಂಡಗೆ ಬರೆದಿದ್ದೀನಿ. ನಾಳೆ ಟೀಚರ್ ಆಗೋಳು ಅಂದಮೇಲೆ ಅಷ್ಟೂ ಬೇಡವಾ?

ಈ ತರಬೇತಿ ಕಾಲೇಜಿನ ಕಾಟಗಳನ್ನ ಮೊದಲು ಹೇಳಿಬಿಡ್ತೀನಿ. ನಲ್ಲಿಯಲ್ಲಿ ನೀರು ಬರೋದು ಸರಿಯಾಗಿ ಪಾಠದ ಗಂಟೆ ಹೊಡೆದಾಗ. ಗಂಟೆಗೂ ನಲ್ಲಿಗೂ ಒಂದೇ ಹಗ್ಗ ಕಟ್ಟಿದಾರೆ ಅಂತ ನನ್ನ ಅನುಮಾನ. ಬೆಳಿಗ್ಗೆ ಎದ್ದರೆ ಹಲ್ಲಿನ ಸಂದಿಯಲ್ಲೆಲ್ಲ ಮರಳು, ಉತ್ತರದ ಗಾಳಿ ಕಿಟಕಿ ಕೆಳಗಿಂದ ನುಗ್ಗುತ್ತೆ. ಊಟಕ್ಕೆ ಒಂದು ಬೋಗುಣಿ ಸುತ್ತ ಏಳೆಂಟು ಜನ ಕೂರ್ತೀವಿ, ಮೀನು ಮಾತ್ರ ಯಾವಾಗಲೂ ನನ್ನ ಎದುರಿಗೆ ಕೂತವಳ ಕಡೆಗೇ ಬೀಳುತ್ತೆ. ನಾನು ಜಾಗ ಬದಲಾಯಿಸಿ ನೋಡಿದೆ. ಮೀನೂ ಬದಲಾಯಿಸಿತು.

ಇಷ್ಟರ ಮಧ್ಯೆ ದೇವರು ಒಂದು ಒಳ್ಳೇದು ಮಾಡಿದಾನೆ. ನನ್ನ ಕೋಣೆಯಲ್ಲಿ ಇರೋ ಇನ್ನೊಬ್ಬಳು ಯೂಜೆನಿ ಸಾನೆ ಅಂತ. ದೂರದ ದಕ್ಷಿಣದವಳು, ಕಾಸಮಾನ್ಸ್ ನದಿ ಕಡೆಯವಳು. ಅಂದರೆ ಜೋಲಾ ಜನದವಳು, ಮಾವ! ಸೆರೆರ್ ಹುಡುಗಿಗೆ ಜೋಲಾ ಜತೆಗಾತಿ ಸಿಕ್ಕೋದು ಅಂದರೇನು ಸಾಮಾನ್ಯವಾ? ಹಿರಿಯರ ಕತೆಯಲ್ಲಿ ಒಡೆದ ದೋಣಿಯ ಎರಡು ತುಂಡು ಹಿಡಿದು ತೇಲಿಹೋದ ಅಕ್ಕ ತಂಗಿಯರ ಮಕ್ಕಳು ನಾವು. ಬಯ್ಯೋಕೆ, ಕದಿಯೋಕೆ, ಒಬ್ಬರನ್ನೊಬ್ಬರು ಆಳು ಅನ್ನೋಕೆ ಯಾರ ಅಪ್ಪಣೆಯೂ ಬೇಡ. ನಾನು ಒಳಗೆ ಹೋದವಳೇ ಅವಳ ಮಂಚದ ಮೇಲೆ ಧೊಪ್ ಅಂತ ಕೂತು, 'ನಮ್ಮನೆ ತೊತ್ತೇ, ಓಡಿಹೋಗಿ ಇಷ್ಟು ದಿನ ಎಲ್ಲಿ ಅಡಗಿದ್ದೆ? ಏಳು, ನನ್ನ ಹಾಸಿಗೆ ಹಾಕು' ಅಂದೆ.

ತೊತ್ತು ನಿಮ್ಮಜ್ಜಿ ಅಂತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ಹಾಸಿಗೆ ಹಾಕಿದಳು. ಇಂಥ ಜೋಲಾ ನೀನು ಎಲ್ಲಾದರೂ ಕಂಡಿದ್ದೀಯಾ?

ಮೀನು ಸಿಗದ ನಿನ್ನ ಸೊಸೆ,
ದಿಬೋರ್ ಫಾಯ್


ನ್ಯಾಖರ್
೩೦ ನವೆಂಬರ್ ೧೯೮೬

ದಿಬೋರಿ, ಕತ್ತೆ, ಚೆನ್ನಾಗಿದ್ದೀಯಾ?

ನಿನ್ನ ಕಾಗದ ಓದಿ ಅಂಗಡಿಯಲ್ಲಿ ನಕ್ಕೂ ನಕ್ಕೂ ಸೂಜಿ ಎಲ್ಲಿಟ್ಟೆ ಅನ್ನೋದೇ ಮರೆತೆ. ಆಮೇಲೆ ಅದರ ಮೇಲೇ ಕೂತೆ. ನಿಮ್ಮವ್ವ ಹಾಸಿಗೆ ಹಾಕಿಸಿಕೊಂಡ ಜಾಗವನ್ನ ಎರಡು ಸಲ ಓದಿಸಿದಳು.

ಹುಡುಗಿ ಯಾಕೆ ಸುಮ್ಮನಿದಾಳೆ ಅಂತ ತಲೆ ಕೆಡಿಸಿಕೋಬೇಡ. ಜೋಲಾಗಳಿಗೆ ಮೂರು ಹೊತ್ತೂ ಅನ್ನ ತಿಂದು ತಿಂದು ಮಾತು ತಲೆಯಿಂದ ನಾಲಿಗೆಗೆ ಇಳಿಯೋದು ನಿಧಾನ. ನಮ್ಮ ಹಾಗೆ ಸಜ್ಜೆ ತಿಂದಿದ್ದರೆ ಅಲ್ಲೇ ಉತ್ತರ ಕೊಡೋಳು. ಇಲ್ಲಾಂದರೆ ಹೊಂಚು ಹಾಕ್ತಿದಾಳೆ. ನಾನು ಪಟಾಲಮ್ಮಿನಲ್ಲಿದ್ದಾಗ ನನ್ನ ಜೋಲಾ ಗೆಳೆಯನೂ ಹೀಗೇ ಮುಖ ಊದಿಸಿಕೊಂಡು ಓಡಾಡಿದ. ಕೊನೆಗೆ ಪರೇಡಿನ ದಿನ ನೋಡಿದರೆ ನನ್ನ ಪ್ಯಾಂಟಿನ ಗುಂಡಿ ಒಂದೂ ಇಲ್ಲ. ದೊಡ್ಡ ಸಾಹೇಬರ ಮುಂದೆ ಒಂದು ಕೈಯಲ್ಲಿ ಸಲಾಮು, ಒಂದು ಕೈಯಲ್ಲಿ ಪ್ಯಾಂಟು. ನನ್ನ ದೊಡ್ಡ ಮಗನಿಗೆ ಅವನ ಹೆಸರೇ ಇಟ್ಟಿರೋದು, ನಿನಗೆ ಗೊತ್ತಲ್ಲ.

ಅಂಗಡಿ ಹಿಂದಿನ ತಾಳೆಮರದಲ್ಲಿ ಕಳ್ಳು ಇಳಿಸೋ ಜೋಲಾ, ಅಂಪಾ ಸಾಂಬು, ಈ ವರ್ಷವೂ ಬಂದಿದಾನೆ. ದಿನಾ ಬೆಳಿಗ್ಗೆ ನನ್ನನ್ನ ಆಳೇ ಅಂತ ಕರೆದು, ಮೊದಲನೇ ಲೋಟ ಟೀ ತಾನೇ ಎತ್ತಿಕೊಂಡು ಕುಡೀತಾನೆ. ನಾನು ಅವನ ಕಳ್ಳು ಕುಡೀತೀನಿ. ಹೋದ ವರ್ಷ ಬಾವಿ ವಿಚಾರಕ್ಕೆ ನಾನೂ ನಮ್ಮಣ್ಣನೂ ಮಾತು ಬಿಟ್ಟಿದ್ದೆವಲ್ಲ, ಆಗ ಇಮಾಮರು ಹೇಳಿದರೂ ಕೇಳಲಿಲ್ಲ, ಪಾದ್ರಿ ಹೇಳಿದರೂ ಕೇಳಲಿಲ್ಲ. ಈ ಕಪಿ ಮರದಿಂದ ಇಳಿದು ಬಂದು 'ಆಳುಗಳಿರಾ, ಇಬ್ಬರೂ ಒಂದೇ ಬೋಗುಣಿಗೆ ಕೈ ಹಾಕ್ರೋ' ಅಂದ. ಹಾಕಿದೆವು. ಜೋಲಾ ಅಪ್ಪಣೆ ಮಾಡಿದಮೇಲೆ ಸೆರೆರ್ ಇಲ್ಲ ಅನ್ನೋ ಹಾಗಿದೆಯಾ?

ಆದ್ದರಿಂದ ಬಿಡಬೇಡ. ಚೆನ್ನಾಗಿ ಕಾಡು. ಮನೆ ಬಿಟ್ಟು ಅಷ್ಟು ದೂರ ಬಂದಿರೋ ಹುಡುಗಿ, ಬಯ್ಯೋರಿಲ್ಲದೆ ಒಂಟಿ ಅನ್ನಿಸಬಾರದು.

ಸೂಜಿ ಚುಚ್ಚಿಸಿಕೊಂಡ ನಿನ್ನ ಮಾವ,
ಜೆಗಾನ್


ಲೂಗಾ
೧೮ ಜನವರಿ ೧೯೮೭

ಮಾವಾ,

ಹೊಸ ವರ್ಷದ ಶುಭಾಶಯ. ಅವ್ವ ಕಳಿಸಿದ ಸಜ್ಜೆ ಚೀಲ ಬಂತು. ಹುಣಸೆಹಣ್ಣೂ ಬಂತು, ದಾರಿಯಲ್ಲಿ ಯಾರೋ ಅರ್ಧ ತಿಂದಿದಾರೆ.

ನೀನು ಹೇಳಿದ ಹಾಗೇ ಬಿಡದೆ ಕಾಡಿದೆ. ಕ್ರಿಸ್‌ಮಸ್ಸಿಗೆ ಯೂಜೆನಿ ಊರಿಗೆ ಹೋಗಲಿಲ್ಲ, ಬಲು ದೂರ. ಅವರವ್ವ ಯಾರ ಕೈಯಲ್ಲೋ ಒಂದು ಗಂಟು ಹೊಸ ಅಕ್ಕಿ ಕಳಿಸಿದ್ದಳು. ನೋಡಿದ ಕೂಡಲೇ ನನ್ನ ಕೈ ಕಡಿಯೋಕೆ ಶುರುವಾಯ್ತು. ಅವಳು ಚರ್ಚಿಗೆ ಹೋದಾಗ ಎತ್ತಿಕೊಂಡು ಬಂದು, ಅಂಗಳದಲ್ಲಿ ಒಲೆ ಹೂಡಿ, ಅಷ್ಟೂ ಅಕ್ಕಿ ಬೇಯಿಸಿ, ಹಾಸ್ಟೆಲಿನ ಹುಡುಗಿಯರಿಗೆಲ್ಲ ಹಬ್ಬ ಮಾಡಿಸಿದೆ. 'ತೊತ್ತಿನ ಅನ್ನ ಬಲು ಮೆತ್ತಗೆ' ಅಂತ ಹಾಡು ಕಟ್ಟಿ ತಟ್ಟೆ ಬಡಿದೆವು. ಅವಳು ಬಂದಳು. ಅವಳಿಗೂ ಜಾಗ ಬಿಟ್ಟು ದೊಡ್ಡ ಮೀನಿನ ತುಂಡು ಅವಳ ಕಡೆಗೇ ಇಟ್ಟಿದ್ದೆ, ನಾನೇನು ಕೆಟ್ಟವಳಾ? ಅವಳು ನಿಂತುಕೊಂಡೇ ಹೇಳಿದಳು: 'ನನಗೂ ನಿನಗೂ ನಂಟಿಲ್ಲ, ದಿಬೋರ್.'

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಓಡಿಹೋದ ಆಳು ಸಿಕ್ಕಿಬಿದ್ದಾಗ ಇನ್ನೇನು ಹೇಳ್ತಾಳೆ? ಯಾವ ಜೋಲಾ ಆದರೂ ಮೊದಲು ಹೇಳೋದು ಅದನ್ನೇ ತಾನೇ?

ಈಗ ಅವಳ ಸರದಿ ಅಂತ ನನ್ನ ಸಜ್ಜೆ ಚೀಲದ ಬಾಯಿ ಬಿಚ್ಚಿ ಅವಳ ಮಂಚದ ಪಕ್ಕವೇ ಇಟ್ಟೆ. ಕದಿಯಲಿ, ಚೆಲ್ಲಲಿ, ಕೋಳಿಗೆ ಹಾಕಲಿ. ಒಂದು ಕಾಳು ಮುಟ್ಟಲಿಲ್ಲ, ಮಾವ. ಗಾಳಿಗೆ ಮರಳು ಬೀಳುತ್ತೆ ಅಂತ ಬಾಯಿ ಕಟ್ಟಿ ವಾಪಸು ನನ್ನ ಕಡೆ ಇಟ್ಟಳು.

ನಲ್ಲಿ, ಮರಳು, ಮೀನು ಎಲ್ಲ ಅಭ್ಯಾಸವಾಯ್ತು. ಈ ಹುಡುಗಿ ಒಬ್ಬಳು ಮಾತ್ರ ಹಲ್ಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಆಗಿದಾಳೆ. ಟ್ರಂಕಿಗೆ ಬೀಗ ಹಾಕ್ತಾಳೆ. ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ. ಊಟಕ್ಕೆ ಬೇರೆ ಬೋಗುಣಿಗೆ ಹೋಗಿದಾಳೆ. ಎಲ್ಲಕ್ಕಿಂತ ಕಿರಿಕಿರಿ ಅಂದರೆ, 'ದಯವಿಟ್ಟು ದೀಪ ಆರಿಸ್ತೀಯಾ' ಅಂತಾಳೆ. ದಯವಿಟ್ಟು ಅಂತೆ! ಕಾರಣ ಏನಿರಬಹುದು ಅಂತ ಹಾಸ್ಟೆಲಿನಲ್ಲಿ ಚರ್ಚೆಯೇ ನಡೀತು. ಹೊಟ್ಟೆ ಹುಳ ಅಂತ ಒಬ್ಬಳು. ಗಣಿತದ ಭಯ ಅಂತ ಇನ್ನೊಬ್ಬಳು. ಪಕ್ಕದ ಕೋಣೆಯವಳು ನೆಲದಲ್ಲಿ ಯಾವುದೋ ಗಾಳಿ ಇದೆ, ಹಾಲು ಚೆಲ್ಲಬೇಕು ಅಂದಳು. ಚೆಲ್ಲಿದೆವು, ಇರುವೆ ಬಂತು. ನನಗನ್ನಿಸೋದು, ನನ್ನ ಬೈಗುಳವೇ ಸಪ್ಪೆ. ಅಂಪಾನನ್ನ ಕೇಳಿ ಸ್ವಲ್ಪ ಖಾರವಾದದ್ದು ಬರೆದು ಕಳಿಸು.

ಬಯ್ದು ಬಯ್ದು ಸುಸ್ತಾದ,
ದಿಬೋರ್


ನ್ಯಾಖರ್
೮ ಫೆಬ್ರವರಿ ೧೯೮೭

ದಿಬೋರ್,

ಈ ಸಲ ಕಾಗದ ಓದುವಾಗ ಅಂಪಾನೂ ಅಂಗಡಿಯಲ್ಲಿದ್ದ. ಅಕ್ಕಿ ಬೇಯಿಸಿದ ಕತೆಗೆ ಎಲ್ಲರೂ ನಕ್ಕರು, ನಿಮ್ಮವ್ವ ಕಣ್ಣೊರೆಸಿಕೊಂಡಳು. ಸಜ್ಜೆ ಚೀಲದ ಜಾಗಕ್ಕೆ ಬಂದಾಗ ಅವನು ಟೀ ಲೋಟ ಕೆಳಗಿಟ್ಟ. ಇನ್ನೊಂದು ಸಲ ಓದು ಅಂದ. ಓದಿದೆ.

'ಬಾಯಿ ಬಿಚ್ಚಿದ ಸಜ್ಜೆ ಚೀಲ ಕಟ್ಟಿ ವಾಪಸು ಕೊಟ್ಟಳಾ? ಹಂಗಾದರೆ ಅವಳು ಜೋಲಾ ಅಲ್ಲ' ಅಂದ.

ಸಾನೆ ಅನ್ನೋ ಮನೆತನದವರು ಜೋಲಾಗಳಲ್ಲೂ ಇದಾರಂತೆ, ಬೇರೆಯವರಲ್ಲೂ ಇದಾರಂತೆ. ದಕ್ಷಿಣದಿಂದ ಬಂದವರೆಲ್ಲ ಜೋಲಾ ಅಂತ ನಿಮಗೆ ಯಾರು ಹೇಳಿದರೋ ಅಂತ ನನಗೇ ಬಯ್ದ. ಆ ಬೈಗುಳ ತಮಾಷೆಯದಲ್ಲ.

ಹೋಗಿ ಅವಳ ಮನೆಯವರು ಯಾರು, ಮನೆಯಲ್ಲಿ ಯಾವ ಮಾತು ಆಡ್ತಾರೆ ಅಂತ ಕೇಳು. ಅವಳ ಮಂಚದ ಮೇಲೆ ಕೂರಬೇಡ. ನಿಂತು ಕೇಳು. ಅವಳು ಹೇಳಿದ್ದನ್ನ ನಗದೆ ಕೇಳಿಸಿಕೋ.

ಮಾವ


ಲೂಗಾ
೨೨ ಫೆಬ್ರವರಿ ೧೯೮೭

ಮಾವ, ಅವಳು ಬಲಂತ ಜನದವಳು.

ನಮಗೂ ಅವರಿಗೂ ದೋಣಿಯೂ ಇಲ್ಲ, ಅಕ್ಕ ತಂಗಿಯರೂ ಇಲ್ಲ, ಏನೂ ಇಲ್ಲ. ನಾನು ನಿಂತು ಕೇಳಿದೆ. ಅವಳು ಬಟ್ಟೆ ಮಡಿಸ್ತಾ ಇದ್ದವಳು ತಲೆ ಎತ್ತದೆ ಹೇಳಿದಳು, ಮೊದಲನೇ ವಾರವೇ ಒಂದು ಸಲ ಹೇಳಿದ್ದೆ, ಆಮೇಲೂ ಹೇಳಿದೆ, ಹೇಳಿದಾಗಲೆಲ್ಲ ನೀನು ನಕ್ಕೆ, ಅಂತ. ಎಲ್ಲರ ಮುಂದೆ ಹೇಳಿದರೆ ಎಲ್ಲರೂ ನಕ್ಕರು, ಅದಕ್ಕೇ ಹೇಳೋದು ಬಿಟ್ಟೆ ಅಂದಳು.

ಅವಳೂರಿನ ಪಕ್ಕದಲ್ಲೇ ಜೋಲಾಗಳಿದಾರೆ. ಈ ಆಟ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅದು ತನ್ನದಲ್ಲ ಅಂತಲೂ ಗೊತ್ತು. ನಂಟರಲ್ಲದವರು ತಿರುಗಿ ಬಯ್ದರೆ ಅದು ಜಗಳ ಆಗುತ್ತೆ, ತನಗೆ ಜಗಳ ಬೇಕಿರಲಿಲ್ಲ ಅಂದಳು.

ಆ ಅಕ್ಕಿ ವಿಷಯ ಬರೆಯೋಕೆ ಕೈ ಬರ್ತಿಲ್ಲ. ಅವರವ್ವ ಹೋದ ವರ್ಷವೆಲ್ಲ ಹಾಸಿಗೆ ಹಿಡಿದಿದ್ದಳಂತೆ. ಈ ಸಲ ಎದ್ದು ಗದ್ದೆಗಿಳಿದು, ಸಣ್ಣ ತುಂಡೊಂದನ್ನ ತಾನೇ ನಾಟಿ ಮಾಡಿ ತಾನೇ ಕೊಯ್ದು ಕಳಿಸಿದ್ದು ಅದು. ಎದ್ದಿದ್ದೀನಿ, ನೋಡು, ಅಂತ ಮಗಳಿಗೆ ತೋರಿಸೋಕೆ. ಅದರಲ್ಲಿ ಒಂದು ತುತ್ತೂ ಯೂಜೆನಿ ಬಾಯಿಗೆ ಹೋಗಲಿಲ್ಲ.

ಮಾವ, ನಂಟು ಅನ್ನೋದನ್ನ ತೆಗೆದುಬಿಟ್ಟರೆ ನಾನು ಮಾಡಿದ್ದು ಬರೀ ಬೈಗುಳ, ಬರೀ ಕಳ್ಳತನ. ಯಾರದೋ ಮನೆ ಮಗಳನ್ನ ಮೂರು ತಿಂಗಳು ತೊತ್ತು ಅಂತ ಕರೆದೆ. ಕ್ಷಮೆ ಕೇಳಿದೆ, ಅತ್ತೂ ಅತ್ತೆ. ಅವಳು 'ಪರವಾಗಿಲ್ಲ' ಅಂದಳು. ಆ ಪರವಾಗಿಲ್ಲ ಅನ್ನೋದು ಕೇಳೋಕಾಗಲ್ಲ.

ಈಸ್ಟರಿಗೆ ಊರಿಗೆ ಹೋಗ್ತಾಳಂತೆ, ವಾಪಸು ಬರಲ್ಲವಂತೆ. ವಾರ್ಡನ್‌ಗೆ ಆಗಲೇ ಹೇಳಿದಾಳೆ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡೋಳು ಅವಳು. ಟೀಚರ್ ಆಗಬೇಕಾದವಳು ನನ್ನ ದೆಸೆಯಿಂದ ಮನೆಗೆ ಹೋಗ್ತಿದಾಳೆ. ಏನಾದರೂ ಮಾಡು. ಈ ಕಾಗದ ಮಾತ್ರ ಅಂಗಡಿಯಲ್ಲಿ ಓದಬೇಡ.

ದಿಬೋರ್


ನ್ಯಾಖರ್
೧೫ ಮಾರ್ಚ್ ೧೯೮೭

ದಿಬೋರಿ, ಮಗಳೇ,

ಅಂಗಡಿಯಲ್ಲಿ ಓದಲಿಲ್ಲ. ನಿಮ್ಮವ್ವನನ್ನ ಒಳಗೆ ಕೂರಿಸಿ ಹೇಳಿದೆ. ಅವಳು ಎದ್ದು ಹೋಗಿ ಮೊರ ತಗೊಂಡು ಸಜ್ಜೆ ಕೇರೋಕೆ ಕೂತಳು. ಸಂಜೆವರೆಗೂ ಕೇರಿದಳು. ಕಾಡು ಅಂತ ಬರೆದವನು ನಾನು, ಎರಡು ಸಲ ಓದಿಸಿದವಳು ಅವಳು. ತಪ್ಪೆಲ್ಲ ನಿನ್ನೊಬ್ಬಳ ತಲೆಗೆ ಹಾಕಿಕೋಬೇಡ.

ನಾನೇ ಹೋಗಿ ಆ ತಾಯಿಯ ಹತ್ತಿರ ಮಾತಾಡ್ತೀನಿ ಅಂತ ಹೊರಟಿದ್ದೆ. ಅಂಪಾ ತಡೆದ. ಆಳು ತಪ್ಪು ಮಾಡಿದರೆ ತಲೆ ಬಗ್ಗಿಸಬೇಕಾದವನು ಯಜಮಾನ, ಈ ಸೆರೆರ್‌ಗಳು ನನ್ನ ಆಳುಗಳು, ಆದ್ದರಿಂದ ಹೋಗಬೇಕಾದವನು ನಾನು, ಅಂದ. ನಗ್ತಾ ಹೇಳಿದನೋ ಸಿಟ್ಟಿನಲ್ಲಿ ಹೇಳಿದನೋ ಗೊತ್ತಾಗಲಿಲ್ಲ. ಹೇಗೂ ಈಸ್ಟರಿಗೆ ಊರಿಗೆ ಹೋಗೋನು. ಅವನೂರಿಂದ ದೋಣಿ ಹತ್ತಿದರೆ ಹುಡುಗಿಯ ಊರಂತೆ. ಅವ್ವ ಕೇರಿದ ಸಜ್ಜೆ, ಮರ್ಯಾದೆಗೆ ಅಂತ ಕೊಡೋ ಕೋಲಾ ಕಾಯಿ, ಆ ತಾಯಿಗೆ ಅಂತ ನಾನು ಹೊಲಿದ ಒಂದು ನಿಲುವಂಗಿ, ಇಷ್ಟು ಅವನ ತಲೆ ಮೇಲೆ ಹೊರಿಸಿದೀನಿ. ಅಳತೆ ಗೊತ್ತಿಲ್ಲ. ಕಾಯಿಲೆಯಿಂದ ಎದ್ದವರು ಅಂತ ಅಂದಾಜಿನ ಮೇಲೆ ಕತ್ತರಿಸಿದೆ.

ಅಂಪಾ ನಿನಗೆ ಒಂದು ಅಪ್ಪಣೆ ಮಾಡಿದಾನೆ. ಇನ್ನು ಅಳಬೇಡ, ಕ್ಷಮೆ ಕೇಳಬೇಡ, ಅವಳಿಗೆ ಅದೂ ಒಂದು ಕಾಟವೇ. ಅವಳು ಹೊರಡೋವರೆಗೂ ಬೆಳಿಗ್ಗೆ ಎದ್ದು ಅವಳ ಹಾಸಿಗೆ ನೀನು ಸರಿಮಾಡು. ಮಾತಿಲ್ಲದೆ. ಜೋಲಾ ಮಾತು, ಮೀರೋ ಹಾಗಿಲ್ಲ.

ನಿನ್ನ ಜತೆಯೇ ತಲೆ ತಗ್ಗಿಸಿರೋ,
ಜೆಗಾನ್ ಮಾವ


ಲೂಗಾ
೧೦ ಮೇ ೧೯೮೭

ಮಾವಾ,

ಬಂದಳು!

ಈಸ್ಟರ್ ರಜೆ ಮುಗಿದು ಪಾಠ ಶುರುವಾದರೂ ಅವಳ ಮಂಚ ಖಾಲಿ ಇತ್ತು. ಅಷ್ಟು ಚಿಕ್ಕ ಕೋಣೆ, ಅಷ್ಟು ದೊಡ್ಡದಾಗಿ ಕಾಣೋಕೆ ಶುರುವಾಗಿತ್ತು. ವಾರ್ಡನ್ ಬೇರೆಯವಳನ್ನ ಹಾಕ್ತೀನಿ ಅಂದಾಗ ಇನ್ನೊಂದು ವಾರ ನೋಡಿ ಅಂತ ಕಾಲು ಹಿಡಿದೆ. ನೀರು ತರೋಕೆ ಹೋಗಿ ಬಂದು ನೋಡಿದರೆ ಟ್ರಂಕಿನ ಮೇಲೆ ಕೂತಿದಾಳೆ, ಧೂಳು ಮೆತ್ತಿಕೊಂಡು. ನನ್ನ ಕೈಯಿಂದ ಬಕೆಟ್ಟು ಬಿತ್ತು. ಏನಾಯ್ತು, ಅಂಪಾ ಬಂದಿದ್ದನಾ, ನಿಮ್ಮವ್ವ ಏನಂದರು, ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಂದಳಲ್ಲ, ಸಾಕು.

ಈಗ ನಾನು ಬಹಳ ಒಳ್ಳೆಯವಳಾಗಿದೀನಿ. ದಯವಿಟ್ಟು ಅನ್ನದೆ ಬಾಯಿ ತೆರೆಯಲ್ಲ. ಅವಳ ಸಾಮಾನಿನ ಕಡೆ ಕಣ್ಣೆತ್ತಿಯೂ ನೋಡಲ್ಲ.

ಆದರೆ ಮಾವ, ಈ ಹಾಸ್ಟೆಲಿಗೆ ಏನೋ ಆಗಿದೆ. ಕಾಟಗಳು ಮತ್ತೆ ಶುರುವಾಗಿವೆ. ಮೊನ್ನೆ ಟೀಗೆ ಸಕ್ಕರೆ ಹಾಕಿದರೆ ಉಪ್ಪು. ಅಂಗಡಿಯವನು ಕಲಬೆರಕೆ ಮಾಡಿರಬೇಕು. ಗಾಳಿ ನಿಂತು ಎಷ್ಟೋ ದಿನವಾಯ್ತು, ನನ್ನ ದಿಂಬಿನಲ್ಲಿ ಮಾತ್ರ ಹಿಡಿ ಹಿಡಿ ಮರಳು. ಪಾಠ ಮಾಡೋಕೆ ನಿಂತರೆ ಸೀಮೆಸುಣ್ಣದ ಡಬ್ಬಿಯಲ್ಲಿ ಹುಣಸೆಬೀಜ, ಇನ್‌ಸ್ಪೆಕ್ಟರ್ ಎದುರಿಗೇ ಕೂತಿದ್ದರು. ಈಗ ನೋಡಿದರೆ ನನ್ನ ಎಡಗಾಲಿನ ಚಪ್ಪಲಿಯೇ ಇಲ್ಲ. ವಾರ್ಡನ್ ನಾಯಿ ಇರಬಹುದು, ಆದರೆ ಅದಕ್ಕೆ ಹಲ್ಲಿಲ್ಲ. ಇಲಿ ಅಂದರೆ ಅಷ್ಟು ದೊಡ್ಡ ಇಲಿ ಉಂಟಾ? ಪಕ್ಕದ ಕೋಣೆಯವಳು ಮತ್ತೆ ಹಾಲು ಚೆಲ್ಲೋಣ ಅಂತಿದಾಳೆ. ಯೂಜೆನಿ ಪಾಪ, ನನ್ನ ಜತೆ ಮಂಚದ ಕೆಳಗೆಲ್ಲ ತೆವಳಿ ಹುಡುಕಿದಳು. ಎಷ್ಟು ಒಳ್ಳೆಯವಳು ನೋಡು.

ಅವ್ವನಿಗೆ ಹೇಳಿ ಒಂದು ಜೊತೆ ಚಪ್ಪಲಿ ಕಳಿಸು. ಈ ಕಾಗದ ಅಂಗಡಿಯಲ್ಲಿ ಓದಬಹುದು.

ಒಂದೇ ಕಾಲಿಗೆ ಚಪ್ಪಲಿ ಇರುವ ನಿನ್ನ ಸೊಸೆ,
ದಿಬೋರ್


ಲೂಗಾ
೧೭ ಮೇ ೧೯೮೭

ಮಾನ್ಯ ಜೆಗಾನ್ ಅವರಿಗೆ,

ನನ್ನನ್ನು ನೀವು ನೋಡಿಲ್ಲ. ದಿಬೋರ್‌ಳ ಕೋಣೆಯಲ್ಲಿ ಇರುವವಳು ನಾನು. ನಿಮ್ಮ ವಿಳಾಸ ಅವಳು ಬರೆದ ಲಕೋಟೆಯ ಮೇಲೆ ನೋಡಿಕೊಂಡೆ.

ಅಂಪಾ ನಮ್ಮ ಮನೆಗೆ ಬಂದಿದ್ದರು. ಅಂಗಳದಲ್ಲಿ ಸಜ್ಜೆ ಚೀಲ ಇಳಿಸಿ, ಅದರ ಪಕ್ಕ ಬೋರಲು ಬಿದ್ದು, ನನ್ನ ಆಳುಗಳು ನಿಮ್ಮ ಅಕ್ಕಿ ತಿಂದಿದಾರೆ, ಅವರಿಗೆ ಬುದ್ಧಿ ಕಲಿಸದವನು ನಾನು, ನನಗೆ ಹೊಡೀರಿ ಎಂದು ಊರೇ ಸೇರುವಷ್ಟು ಗೋಳಾಡಿದರು. ನಮ್ಮವ್ವ ಮೊದಲು ಹೆದರಿದಳು. ವಿಷಯ ತಿಳಿದಾಗ ಅವರನ್ನು ಎಬ್ಬಿಸಿ ಕೂರಿಸಿದಳು. ನಾನು ಮನೆಗೆ ಬರೆದ ಕಾಗದದಲ್ಲಿ ಇದ್ಯಾವುದನ್ನೂ ಹೇಳಿರಲಿಲ್ಲ. ಆಮೇಲೆ ನೀವು ಹೊಲಿದ ನಿಲುವಂಗಿ ಹಾಕಿಕೊಂಡು ಬಂದು ನಿಂತಳು. ಒಂದು ತೋಳು ಮೊಣಕೈಯವರೆಗೆ, ಇನ್ನೊಂದು ಬೆರಳು ದಾಟಿ ನೇತಾಡುತ್ತಿತ್ತು. ಅವಳು ಅದನ್ನು ನೋಡಿಕೊಂಡು ನಗಲು ಶುರು ಮಾಡಿದಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು. ನಾನು ಅತ್ತೆ.

ರಾತ್ರಿ ನಿಮ್ಮ ಸಜ್ಜೆ ಬೇಯಿಸಿ ಊಟ ಮಾಡಿದೆವು. ನಾನು ವಾಪಸು ಹೋಗುವುದಿಲ್ಲ ಎಂದೆ. ಅವಳು ಹೇಳಿದಳು: 'ನಮ್ಮ ಅಕ್ಕಿ ಅವರು ತಿಂದಾಯ್ತು, ಅವರ ಸಜ್ಜೆ ನಾವು ತಿಂದಾಯ್ತು. ಇನ್ನು ಯಾರೋ ಏನೋ ಅನ್ನೋಕಾಗಲ್ಲ. ಬೈಸಿಕೊಂಡೇ ಬಂದ್ಯಲ್ಲೇ, ಹೋಗು. ನೀನೂ ನಾಕು ಬಯ್ದು ಓದು ಮುಗಿಸಿ ಬಾ.'

ನಮ್ಮ ಮನೆಯಲ್ಲಿ ಯಾರಿಗೂ ಬಯ್ದು ಅಭ್ಯಾಸವಿಲ್ಲ. ಅಂಪಾ ದೋಣಿ ಹತ್ತುವ ಮೊದಲು ಸ್ವಲ್ಪ ಹೇಳಿಕೊಟ್ಟರು. ಕಲಿಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು: ಸಜ್ಜೆ ತಿಂದು ತಿಂದು ಕಣ್ಣು ಮಂಜಾದ ದರ್ಜಿಯೇ, ಎರಡು ಕೈಯೂ ಒಂದೇ ಉದ್ದ ಇರುತ್ತೆ ಅನ್ನೋದು ನಿಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲವಾ?

ನಿಮ್ಮ ಸೊಸೆಗೆ ಹೊಸ ಚಪ್ಪಲಿ ಕಳಿಸಬೇಡಿ. ಎಡಗಾಲಿನದು ನನ್ನ ಟ್ರಂಕಿನಲ್ಲಿದೆ. ಟ್ರಂಕಿಗೆ ಈಗ ಬೀಗ ಹಾಕುವುದಿಲ್ಲ, ಮುಚ್ಚಳವನ್ನೂ ಅರ್ಧ ತೆರೆದೇ ಇಡುತ್ತೇನೆ. ಆದರೂ ಆ ಪೆದ್ದಿ ಇಡೀ ಹಾಸ್ಟೆಲು ಹುಡುಕುತ್ತಾಳೆ, ಅದರೊಳಗೆ ಮಾತ್ರ ನೋಡುವುದಿಲ್ಲ. ಬೇರೆಯವರ ಸಾಮಾನು ಕೇಳದೆ ಮುಟ್ಟಬಾರದಂತೆ. ದಿನಕ್ಕೆ ಹತ್ತು ಸಲ ದಯವಿಟ್ಟು ಅನ್ನುತ್ತಾಳೆ. ನನಗೆ ಸಾಕಾಗಿಹೋಗಿದೆ.

ದಯವಿಟ್ಟು ಅವಳಿಗೆ ಒಂದು ಕಾಗದ ಬರೆದು ಕದಿಯಲು ಹೇಳಿ. ಅವ್ವ ಕೊಟ್ಟ ಅಕ್ಕಿ ಆ ಚಪ್ಪಲಿಯ ಕೆಳಗೇ ಇದೆ.

ಇಂತಿ ನಿಮ್ಮೆಲ್ಲರ ಯಜಮಾನಿ,
ಯೂಜೆನಿ ಸಾನೆ